ವಸ್ತಿ ಬಸ್ ತಿರುಗುವ ಜಾಗದಿಂದ ಮುಂದೆ: ಸೈಕಲ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳು ಜರ್ಮನಿಯ ಕಲೋನ್‌ನಲ್ಲಿದ್ದಾಳೆ. ಕಳೆದ ವರ್ಷ ಅಲ್ಲಿಗೆ ಹೋದಾಗ ಐಫೆಲ್ ಎಂಬ ಹಳೆಯ ಜ್ವಾಲಾಮುಖಿಗಳ ಸೀಮೆಯಲ್ಲಿ ಸೈಕಲ್ ತುಳಿದೆ. ಡೌನ್ ಎಂಬ ಊರಿನಿಂದ ಹೊರಟು, ನದಿ ಕಣಿವೆಯಗುಂಟ ಇಳಿದು ಮೋಸೆಲ್ ನದಿ ಮುಟ್ಟುವವರೆಗೆ ಒಂದು ಕಾರೂ ಜೊತೆಗೆ ಬರಲಿಲ್ಲ. ಅಘನಾಶಿನಿ ಕಣಿವೆಯಲ್ಲಿ ಅಂಥ ದಾರಿ ಇದೆಯೇ? ಯಾಣದ ಕಲ್ಲುಗಳೂ ಜ್ವಾಲಾಮುಖಿಯವೇ ಅಲ್ಲವೇ? ನನಗೆ 56 ವರ್ಷ. (ಓದುಗರೊಬ್ಬರು, ಶಿರಸಿ)

ಉತ್ತರ: ಯಾಣದ ವಿಷಯವನ್ನು ಮೊದಲು ಮುಗಿಸುತ್ತೇನೆ. ಅದು ಲಾವಾ ಅಲ್ಲ, ಸುಣ್ಣಕಲ್ಲು. 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ಎರಡೂ ಮಳೆನೀರು ಕರಗಿಸಿ, ಕೊರೆದು, ಬಿಟ್ಟುಹೋದ ಉಳಿಕೆ. ಭಸ್ಮಾಸುರ ಅಲ್ಲೇ ಸುಟ್ಟು ಬೂದಿಯಾದ, ಅದಕ್ಕೇ ಅಲ್ಲಿನ ಮಣ್ಣು ಕಪ್ಪು ಎಂಬ ಕಥೆ ಕೇಳಿ ಬೆಳೆದ ನಮಗೆ ಅಲ್ಲೊಂದು ಬೆಂಕಿಬೆಟ್ಟವೂ ಇದ್ದಿರಬೇಕು ಅನ್ನಿಸುವುದು ಸಹಜ. ಲಾವಾ ಹರಿದ ನೆಲವೇ ಬೇಕೆಂದರೆ ಬೆಳಗಾವಿಯ ಉತ್ತರ ಭಾಗಕ್ಕೋ ವಿಜಯಪುರಕ್ಕೋ ಹೋಗಬೇಕು. ಅದು ಸುಮಾರು 6.6 ಕೋಟಿ ವರ್ಷ ಹಳೆಯ ದಖ್ಖನ್ ಲಾವಾ. ಐಫೆಲ್‌ನ ಉಲ್ಮೆನ್ ಮಾರ್ ಎಂಬ ಕುಳಿಸರೋವರಕ್ಕೆ ಇನ್ನೂ 11,000 ವರ್ಷ. ಭೂಮಿಯ ಲೆಕ್ಕದಲ್ಲಿ ಅದು ಹಸುಗೂಸು. ಮೇಲೇರುತ್ತಿದ್ದ ಶಿಲಾರಸಕ್ಕೆ ಅಂತರ್ಜಲ ತಾಗಿ, ಹಬೆ ಸಿಡಿದು ಆದ ಗುಂಡಿಗಳನ್ನು ಅಲ್ಲಿ ಮಾರ್ ಎನ್ನುತ್ತಾರೆ. ಅವುಗಳಲ್ಲಿ ಕೆಲವು ಈಗ ನೀರು ತುಂಬಿದ ಸರೋವರಗಳು. ಶಾಲ್ಕೆನ್‌ಮೆರೆನ್ ಊರಿನ ಬಳಿ ನಿಮ್ಮ ದಾರಿ ಅಂಥದೊಂದು ಸರೋವರದ ಪಕ್ಕದಲ್ಲೇ ಹೋಗಿದೆ, ನೆನಪು ಮಾಡಿಕೊಳ್ಳಿ.

ನೀವು ತುಳಿದದ್ದು ಮಾರ್-ಮೋಸೆಲ್ ಸೈಕಲ್ ದಾರಿ, ಸುಮಾರು 58 ಕಿ.ಮೀ. ಅದು ಅಷ್ಟು ಹಿತವಾಗಿರಲು ಕಾರಣ ಜ್ವಾಲಾಮುಖಿಯಲ್ಲ, ರೈಲು. ಮುಚ್ಚಿಹೋದ ರೈಲು ಮಾರ್ಗದ ಹಳಿ ಕಿತ್ತು ಆ ದಾರಿ ಮಾಡಿದರು. ಉಗಿಬಂಡಿ ಕಡಿದಾದ ಏರು ಹತ್ತದು. ಹಾಗಾಗಿ ಸೇತುವೆ ಕಟ್ಟಿ, ಸುರಂಗ ಕೊರೆದು ಇಳಿಜಾರನ್ನು ಮೊದಲೇ ಸೌಮ್ಯ ಮಾಡಿಟ್ಟಿದ್ದರು. ಬಹುಪಾಲು ಡಾಂಬರಿನದೇ ದಾರಿ. ನಿಜವಾದ ಜಲ್ಲಿ ಬೇಕಿದ್ದರೆ ಪಕ್ಕದ ಕಾಡುರಸ್ತೆಗಳಿಗೆ ಹೊರಳಬೇಕಿತ್ತು. ಅಲ್ಲಿ ರೈಲು ಹೋದದ್ದರಿಂದ ಸೈಕಲ್ ದಾರಿ ಬಂತು. ನಮ್ಮ ಶಿರಸಿಗೆ ರೈಲೇ ಬಂದಿಲ್ಲ, ಮುಚ್ಚುವುದೇನನ್ನು?

ಆದರೆ ವಾಹನವಿಲ್ಲದ ದಾರಿಗೆ ನಮ್ಮಲ್ಲಿ ಬೇರೊಂದು ಕಾರಣವಿದೆ. ನಮ್ಮ ಎಷ್ಟೋ ರಸ್ತೆಗಳು ಎಲ್ಲಿಗೂ ಹೋಗುವುದಿಲ್ಲ. ಐದು ಮನೆಯ ಕೇರಿಗೋ ಅಡಿಕೆ ತೋಟಕ್ಕೋ ಸೊಪ್ಪಿನ ಬೆಟ್ಟಕ್ಕೋ ಹೋಗಿ ಮುಗಿಯುತ್ತವೆ. ನಕ್ಷೆಯಲ್ಲಿ ಅವು ಕಾಣುವುದೂ ಅಪರೂಪ. ನಾನು ಅನುಸರಿಸುವ ಉಪಾಯ ಸರಳ. ಸಂಜೆ ಬಸ್ ನಿಲ್ದಾಣದಲ್ಲಿ ನಿಂತು ವಸ್ತಿ ಬಸ್‌ಗಳ ಫಲಕ ಓದಿ. ರಾತ್ರಿ ಬಸ್ ಎಲ್ಲಿ ತಂಗುತ್ತದೆಯೋ ಅಲ್ಲಿಗೆ ಡಾಂಬರಿನ ಆಟ ಹೆಚ್ಚುಕಡಿಮೆ ಮುಗಿಯುತ್ತದೆ. ಬಸ್ ತಿರುಗಿಸುವ ಆ ಬಯಲಿನಾಚೆಯ ಕೆಂಪು ದಾರಿ ನಿಮ್ಮದು. ಅದು ಮುಗಿದಲ್ಲಿ ಕಾಲುಹಾದಿ, ಒಂದು ಸಂಕ (ಹಳ್ಳ ದಾಟುವ ಕಿರುಸೇತುವೆ), ಹಳ್ಳದಾಚೆ ಇನ್ನೊಂದು ಊರಿನ ರಸ್ತೆಯ ಬಾಲ. ಸಂಕದ ಮೇಲೆ ಸೈಕಲನ್ನು ಹೆಗಲಿಗೇರಿಸಿ ನಡೆಯಿರಿ. ಅಡಿಕೆ ಮರದ ದಬ್ಬೆಯ ಮೇಲೆ ತುಳಿದುಕೊಂಡು ದಾಟುತ್ತೇನೆಂದು ಹೋಗಿ ನಾನೊಮ್ಮೆ ಹಳ್ಳದಲ್ಲಿ ಕುಳಿತಿದ್ದೆ. ನೀರು ಮೊಣಕಾಲವರೆಗೆ ಮಾತ್ರ ಇತ್ತು, ಮಾನ ಪೂರ್ತಿ ಮುಳುಗಿತ್ತು.

ಹೀಗೆ ಹೋಗುವಾಗ ಉಣಗೋಲು ಸಿಗುತ್ತದೆ. ಎರಡು ಕಂಬಗಳ ತೂತಿನಲ್ಲಿ ಅಡ್ಡ ಸಿಕ್ಕಿಸಿದ ಗಳಗಳನ್ನು ಒಂದೊಂದಾಗಿ ಸರಿಸಿ, ದಾಟಿ, ಮತ್ತೆ ಅದೇ ಕ್ರಮದಲ್ಲಿ ಹಾಕಬೇಕು. ಮೇಲಿನೆರಡನ್ನು ತೆಗೆದು ಸೈಕಲ್ ಎತ್ತಿ ದಾಟಿಸುವ ಚಾಳಿ ಬೇಡ, ಕೆಳಗಿನ ಗಳಕ್ಕೆ ಪೆಡಲ್ ಸಿಕ್ಕಿಕೊಳ್ಳುತ್ತದೆ. ಹಾಕದೆ ಹೋದಿರೋ, ದನ ತೋಟಕ್ಕೆ ನುಗ್ಗುತ್ತದೆ, ಮುಂದಿನ ಸೈಕಲ್ ಸವಾರನಿಗೆ ಬೈಗುಳ ಸಿಗುತ್ತದೆ. ಅಂಗಳದಿಂದ ಯಾರಾದರೂ ‘ಯಾರ ಮನೆಗೆ ಬಂದದ್ದು?’ ಎಂದು ಕೇಳಿಯೇ ಕೇಳುತ್ತಾರೆ. ನಿಜ ಹೇಳಿ. ಮುಂದಿನ ಪ್ರಶ್ನೆ ‘ಆಸರಿಗೆ ಏನು ಬೇಕು?’ ಎಂದಿರುತ್ತದೆ. ನೀರು, ಬೆಲ್ಲ, ದಾರಿ ಮೂರೂ ಒಟ್ಟಿಗೆ ಸಿಗುತ್ತವೆ.

ವಯಸ್ಸಿನ ಮಾತು. ಇದು ರೈಲಿನ ಇಳಿಜಾರಲ್ಲ. ನಮ್ಮ ಬೆಟ್ಟದ ರಸ್ತೆಗಳು ನೀರು ಹರಿದಂತೆ ನೇರ ಬೀಳುತ್ತವೆ, ನೇರ ಏಳುತ್ತವೆ. ಪೆಡಲ್ ಬಳಿಯ ಚಿಕ್ಕ ಹಲ್ಲುಚಕ್ರಕ್ಕಿಂತ ಹಿಂದಿನ ದೊಡ್ಡ ಹಲ್ಲುಚಕ್ರದಲ್ಲಿ ಹಲ್ಲು ಹೆಚ್ಚಿರುವ ಗೇರ್ ಇಟ್ಟುಕೊಳ್ಳಿ. ಐಫೆಲ್‌ನಲ್ಲಿ 58 ಕಿ.ಮೀ. ಹೋದವರು ಇಲ್ಲಿ 25ಕ್ಕೆ ತೃಪ್ತರಾಗಿ. ಘಟ್ಟ ಇಳಿದು ಕುಮಟೆಗೆ ಹೋಗುವ ಆಸೆಯಿದ್ದರೆ ದೇವಿಮನೆ ಘಟ್ಟ ಬೇಡ. ಅದು ರಾಷ್ಟ್ರೀಯ ಹೆದ್ದಾರಿ, ಲಾರಿಗಳ ದಾರಿ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಷ್ಟನ್ನೂ ಬ್ರೇಕ್ ಹಿಡಿದೇ ಇಳಿಯುವುದರಲ್ಲಿ ಸುಖವಿಲ್ಲ. ಯಾಣಕ್ಕೆ ಹೋಗುವುದಾದರೆ ಅಚವೆ ಕಡೆಯಿಂದ, ವಾರದ ನಡುವೆ, ಬೆಳಿಗ್ಗೆ ಏಳರೊಳಗೆ ಹೋಗಿ. ರಜಾದಿನಗಳಲ್ಲಿ ಆ ರಸ್ತೆ ಕಾರುಗಳ ಜಾತ್ರೆ. ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ ಎಂಬ ಗಾದೆ ಕಟ್ಟಿದವರು ಕಾರು ಕಂಡವರಲ್ಲ.

ಪ್ರಶ್ನೆ: ನನ್ನ ಬಳಿ ಹಳೆಯ ಸಾಧಾರಣ ಸೈಕಲ್ ಇದೆ. ಜಲ್ಲಿ ರಸ್ತೆಗೆಂದೇ ಮಾಡಿದ ಗ್ರಾವೆಲ್ ಬೈಕ್ ಕೊಳ್ಳಲೇಬೇಕೆಂದು ಗೆಳೆಯರು ಹೇಳುತ್ತಾರೆ. ಕರಾವಳಿಯಲ್ಲಿ ಅದಕ್ಕೆ ತಕ್ಕ ದಾರಿ ಎಲ್ಲಿದೆ? (ಕಾಲೇಜು ವಿದ್ಯಾರ್ಥಿ, ಕುಮಟಾ)

ಉತ್ತರ: ಕೊಳ್ಳಬೇಡಿ. ಚೌಕಟ್ಟಿನಲ್ಲಿ ಜಾಗವಿದ್ದರೆ 40 ಮಿ.ಮೀ. ಅಗಲದ ಟಯರ್ ಹಾಕಿಸಿ, ಗಾಳಿ ಕಡಿಮೆ ಮಾಡಿ. ಮುಕ್ಕಾಲು ವ್ಯತ್ಯಾಸ ಅಲ್ಲೇ ಇದೆ. 70 ಕಿಲೋ ತೂಕದವರಿಗೆ 35ರಿಂದ 40 ಪಿಎಸ್‌ಐ ಸಾಕು, ಹಿಂದಿನದಕ್ಕೆ ಸ್ವಲ್ಪ ಹೆಚ್ಚು. ಪಂಪ್ ಅಂಗಡಿಯವರು ಅಭ್ಯಾಸಬಲದಿಂದ ಕಲ್ಲಿನಂತೆ ಗಟ್ಟಿ ಮಾಡಿ ಕೊಡುತ್ತಾರೆ. ಹೊರಗೆ ಬಂದು ಹೆಚ್ಚಿನ ಗಾಳಿ ಬಿಟ್ಟುಬಿಡಿ.

ಕಾರಣ ನಮ್ಮ ಕಲ್ಲು. ಜ್ವಾಲಾಮುಖಿಯ ಜಲ್ಲಿಗೆ ಮೊನಚು ಅಂಚು. ಒಂದಕ್ಕೊಂದು ಹಲ್ಲು ಕಚ್ಚಿ ಕುಳಿತು ನೀರು ಬಸಿಯಬಿಡುತ್ತದೆ. ನಮ್ಮ ಚಿರೆಕಲ್ಲಿನ ಹರಳು ಕಬ್ಬಿಣ ತುಂಬಿದ ದುಂಡು ಗುಂಡು. ಗಟ್ಟಿ ನೆಲದ ಮೇಲೆ ಅದು ಚೆಲ್ಲಿದ ಕಡಲೆಕಾಳಿನಂತೆ ಉರುಳುತ್ತದೆ. ಗಾಳಿ ಕಡಿಮೆಯಿರುವ ಅಗಲ ಟಯರ್ ಅದನ್ನು ಅಪ್ಪಿ ಹಿಡಿಯುತ್ತದೆ, ಬಿಗಿಯಾದದ್ದು ಜಾರುತ್ತದೆ. (1807ರ ಪುಸ್ತಕದಲ್ಲಿ, ದಕ್ಷಿಣ ಭಾರತ ಸುತ್ತಿದ ಬ್ರಿಟಿಷ್ ಅಧಿಕಾರಿ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟಿನ್‌ನ ಇಟ್ಟಿಗೆ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಘಟ್ಟದ ಮೇಲಿನವರ ಜಂಬಿಟ್ಟಿಗೆಯಲ್ಲೂ ಇಟ್ಟಿಗೆಯೇ ಕೂತಿದೆ. ಮಿರ್ಜಾನ ಕೋಟೆಯ ಗೋಡೆ ಮುಟ್ಟಿ ನೋಡಿ.) ಇನ್ನೊಂದು ಎಚ್ಚರಿಕೆ: ಗುಡ್ಡ ಕಡಿದಲ್ಲಿ ಕೆಂಪಿನ ಕೆಳಗೆ ಬಿಳಿ-ಗುಲಾಬಿ ಬಣ್ಣದ ಶೇಡಿ ಮಣ್ಣು ಕಂಡರೆ, ಅದು ಒದ್ದೆಯಾಗಿದ್ದರೆ, ಇಳಿದುಬಿಡಿ. ಯಾವ ಟಯರೂ ಅಲ್ಲಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಕಡಿದ ರಸ್ತೆಗಳ ಸಹವಾಸವೇ ಬೇಡ. ಜುಲೈ 2024ರ ಶಿರೂರಿನ ಗುಡ್ಡ ಕುಸಿತವನ್ನು ಉತ್ತರ ಕನ್ನಡ ಜಿಲ್ಲೆಯವರಿಗೆ ನೆನಪಿಸಬೇಕಿಲ್ಲ.

ದಾರಿ ನಿಮ್ಮ ಹಿತ್ತಲಿನಲ್ಲೇ ಇದೆ. ಅಘನಾಶಿನಿ ಅಳಿವೆಯ ಗಜನಿ (ಉಪ್ಪುನೀರಿನ ಗದ್ದೆ) ಬಯಲುಗಳಿಗೆ ಹೋಗಿ. ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಕೊಯ್ದ ಮೇಲೆ, ಒಡ್ಡಿನ ಮೇಲೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಉಬ್ಬರದ ನೀರು ತುಂಬಿದ ಗದ್ದೆ, ನಡುವೆ ಒಂದು ಸೈಕಲ್ ಅಗಲದ ನೆಲ. ಮಾಣಿಕಟ್ಟಾದ ಗಜನಿಯನ್ನೇ ಮೊದಲು ನೋಡಿ. ಏರಿಲ್ಲ, ಇಳಿವಿಲ್ಲ, ವಾಹನವಂತೂ ಇಲ್ಲವೇ ಇಲ್ಲ. ಒಡ್ಡು ಊರವರ ಶ್ರಮದ್ದು, ಕೇಳಿ ಹೋಗಿ. ಅಂಚು ಕುಸಿದಲ್ಲಿ ಇಳಿದು ನಡೆಯಿರಿ. ಅಘನಾಶಿನಿ ಊರಿನಿಂದ ತದಡಿಗೆ ತಾರಿಯಲ್ಲಿ (ದಾಟಿಸುವ ದೋಣಿಯಲ್ಲಿ) ಸೈಕಲ್ ಹಾಕಿಕೊಂಡು ದಾಟಿದರೆ ಹೆದ್ದಾರಿ ಮುಟ್ಟದೆ ಗೋಕರ್ಣದ ಕಡೆ ಹೋಗಬಹುದು. ಮನೆಗೆ ಬಂದ ಮೇಲೆ ಸರಪಳಿಯನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಾಕದೆ ಊಟಕ್ಕೆ ಕೂರಬೇಡಿ. ಉಪ್ಪು ಒಂದು ರಾತ್ರಿಯಲ್ಲಿ ಏನು ಮಾಡುತ್ತದೆ ಎಂಬುದನ್ನು ಮೀನುಗಾರರ ಮನೆಯ ಬೀಗಗಳು ಹೇಳುತ್ತವೆ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ಮಂಗನ ಕಾಯಿಲೆಯ ಭಯವಿರುವಾಗ ಕಾಡಿನ ದಾರಿಯಲ್ಲಿ ಸೈಕಲ್ ಹೊಡೆಯಬಹುದೇ? (ಗೃಹಿಣಿ, ಸಿದ್ದಾಪುರ)

ಉತ್ತರ: ದೀಪಾವಳಿ ಕಳೆದ ಮೇಲಿನ ಐದಾರು ವಾರ. ಉಂಬಳ (ಜಿಗಣೆ) ಕಡಿಮೆಯಾಗಿರುತ್ತದೆ, ನೆಲದಲ್ಲಿ ಇನ್ನೂ ತೇವದ ಬಿಗಿ ಇರುತ್ತದೆ. ಆಮೇಲೆ ದರಕು (ಒಣ ಎಲೆ) ಉದುರಿ ಕಲ್ಲು, ಗುಂಡಿ ಎಲ್ಲವನ್ನೂ ಮುಚ್ಚುತ್ತದೆ. ಮಾರ್ಚ್ ಹೊತ್ತಿಗೆ ದಾರಿ ಕುಂಕುಮದ ಪುಡಿ.

ಭಯ ಅಕಾರಣವಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಆ ರೋಗ ನಿಮ್ಮ ತಾಲೂಕನ್ನೂ ಕಾಡಿದೆ. ಅದನ್ನು ಹರಡುವ ಉಣುಗು (ಉಣ್ಣೆಹುಳ) ಹೆಚ್ಚುವುದು ಡಿಸೆಂಬರ್‌ನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ಊರ ನಡುವಿನ ತೆರೆದ ರಸ್ತೆ ಹಿಡಿಯಿರಿ, ಕಾಡುಹಾದಿ ಬಿಡಿ. ಹೋಗಲೇಬೇಕಿದ್ದರೆ ಉದ್ದ ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ತೆರೆದ ಚರ್ಮಕ್ಕೆ ಉಣುಗು ದೂರವಿಡುವ ಡೆಪಾ ತೈಲ. ದಣಿದರೂ ದರಕಿನ ಮೇಲೆ ಕೂರಬೇಡಿ, ಸೈಕಲನ್ನೂ ಮಲಗಿಸಬೇಡಿ. ಮನೆ ಸೇರಿದ ಕೂಡಲೇ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ವಾರದೊಳಗೆ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಫೋಟೊ ತೆಗೆಯಲು ನಿಲ್ಲದೆ, ತಿರುಗಿ ಬಂದು ಆರೋಗ್ಯ ಕೇಂದ್ರಕ್ಕೆ ತಿಳಿಸಿ.