ಗುರ್ ಎಂದರೆ ಗದರಬೇಡಿ

ಪ್ರಶ್ನೆ: ಎರಡು ತಿಂಗಳ ಹಿಂದೆ ಆಶ್ರಯ ಕೇಂದ್ರದಿಂದ ನಾಯಿಯೊಂದನ್ನು ತಂದೆವು. ಆರು ವರ್ಷದ ಮಗ ಅದರ ಊಟದ ಬಟ್ಟಲ ಬಳಿ ಹೋದರೆ, ಮಲಗಿದ್ದಾಗ ಅಪ್ಪಿಕೊಂಡರೆ ಗುರ್ ಎನ್ನುತ್ತದೆ. ಕಚ್ಚಿಲ್ಲ. ಗದರಿದರೆ ಸುಮ್ಮನಾಗುತ್ತದೆ. ಇಷ್ಟು ಸಾಕೇ?

ಉತ್ತರ: ಸಾಲದು, ಗದರುವುದನ್ನು ಇಂದೇ ನಿಲ್ಲಿಸಿ. ಗುರ್ ಎನ್ನುವುದು ಎಚ್ಚರಿಕೆ. ಅದನ್ನು ಅಡಗಿಸಿದರೆ ಭಯ ಹಾಗೇ ಉಳಿಯುತ್ತದೆ, ಮುಂದೆ ಸದ್ದಿಲ್ಲದೆ ಕಚ್ಚಬಹುದು. ಗುರ್ ಎನ್ನುವುದಕ್ಕೂ ಮೊದಲಿನ ಸೂಚನೆಗಳನ್ನು ಗುರುತಿಸಿ: ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಂಚಿನ ಬಿಳಿ ಕಾಣುವುದು, ಮೈ ಬಿಗಿಯಾಗುವುದು.

ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿ, ಹಲ್ಲು, ಕೀಲು ನೋವಿದ್ದರೆ ಮುಟ್ಟಿದಾಗ ಸಿಡುಕುವುದು ಸಹಜ. ಊಟವನ್ನು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ ಕೊಡಿ. ಮಲಗಿದ ನಾಯಿಯನ್ನು ಮಗು ಮುಟ್ಟಲೇಬಾರದು, ಅಪ್ಪುಗೆಯೂ ಬೇಡ. ದೊಡ್ಡವರ ಕಣ್ಗಾವಲಿಲ್ಲದೆ ಇಬ್ಬರನ್ನೂ ಒಂದೇ ಕಡೆ ಬಿಡಬೇಡಿ. ಇಲ್ಲಿ ಮೊಬೈಲ್ ನೋಡುತ್ತಾ ಕುಳಿತಿರುವುದು ಕಣ್ಗಾವಲಲ್ಲ.

ಇನ್ನು ತರಬೇತಿ. ನಾಯಿ ನಿರಾಳವಾಗಿರುವಷ್ಟು ದೂರದಲ್ಲಿ ಮಗ ಕಾಣಿಸಿಕೊಳ್ಳಲಿ. ಕಂಡ ಕೂಡಲೇ ನೀವು ಬಟಾಣಿ ಗಾತ್ರದ ಬೇಯಿಸಿದ ಮಾಂಸದ ಚೂರು ಕೊಡಿ, ಅವನು ಮರೆಯಾದೊಡನೆ ನಿಲ್ಲಿಸಿ. ದಿನಕ್ಕೆ ಎರಡು ಸಲ, 3ರಿಂದ 5 ನಿಮಿಷ ಸಾಕು. ಅವನನ್ನು ಕಂಡಾಗ ನಾಯಿ ಖುಷಿಯಿಂದ ನಿಮ್ಮತ್ತ ತಿರುಗಲು ಶುರುವಾದ ಮೇಲಷ್ಟೇ ಒಂದು ಹೆಜ್ಜೆ ಹತ್ತಿರ. ಬಹುತೇಕರು ಎಡವುವುದು ಇಲ್ಲೇ, ಅವಸರದಲ್ಲಿ. ತುತ್ತನ್ನು ಮಗುವಿನ ಕೈಯಿಂದ ಕೊಡಿಸಬೇಡಿ: ತಿನಿಸಿನ ಆಸೆಗೆ ಹತ್ತಿರ ಬಂದ ನಾಯಿ, ಅದು ಮುಗಿದಾಗ ಗಾಬರಿಗೊಳ್ಳಬಹುದು.

ಊಟದ ಬಟ್ಟಲ ಬಳಿ ಇಂಥ ಅಭ್ಯಾಸ ಮಾಡಿಸುವುದಾದರೆ ಅದರಲ್ಲಿ ಮಗುವನ್ನು ಸೇರಿಸಲೇಬೇಡಿ. ಕಚ್ಚಿದರೆ, ಅಥವಾ ಮಗುವನ್ನು ನೆಟ್ಟ ನೋಟದಿಂದ ಹಿಂಬಾಲಿಸಿದರೆ, ಇಬ್ಬರನ್ನೂ ಪೂರ್ತಿ ಬೇರ್ಪಡಿಸಿ ಪ್ರಾಣಿ ನಡವಳಿಕೆ ಬಲ್ಲ ಪಶುವೈದ್ಯರನ್ನು ಕಾಣಿ.