ಡಬ್ಲ್ಯೂಡಿಎಸ್-6: ಸ್ಟಾರ್ಟ್ ಬಟನ್ ಮುಟ್ಟುವ ಮೊದಲು

ಸರ್, ನಿಮ್ಮ ಡಬ್ಲ್ಯೂಡಿಎಸ್-6 (ಶಂಟಿಂಗ್ ಮಾಡುವ ಡೀಸೆಲ್ ರೈಲು ಇಂಜಿನ್ನು) ಬ್ಯಾಟರಿ ಫುಲ್ ಚಾರ್ಜ್ ಆಗಿದೆ, ಭಾನುವಾರ ಕ್ರ್ಯಾಂಕ್ ಮಾಡಿ ನೋಡ್ತೀವಿ ಅಂತ ಬರೆದಿದ್ದೀರಿ. ಸೈಡಿಂಗ್‌ನಲ್ಲಿ ಹನ್ನೊಂದು ತಿಂಗಳು ನಿಂತ ಇಂಜಿನ್ನು. ನಿಮ್ಮ ಫೋಟೋದಲ್ಲೇ ಚಿಮಣಿಗೆ ಮುಚ್ಚಳ ಇಲ್ಲ, ಮಳೆ ನೀರು ಸಿಲಿಂಡರಿಗೆ ಇಳಿದಿರಬಹುದು! ದಯವಿಟ್ಟು ಬೇಡ.

ನಾನೂ ಇದನ್ನೇ ಮಾಡಿ ಕೆಟ್ಟವನು. ಕರಾವಳಿಯ ಒಂದು ಕಾರ್ಖಾನೆಯಲ್ಲಿ ಇದೇ ಡಬ್ಲ್ಯೂಡಿಎಸ್-6 ಮಳೆಗಾಲ ಪೂರ್ತಿ ನಿಂತಿತ್ತು. ಆಯಿಲ್ ಲೆವೆಲ್ ನೋಡಿದೆ, ನೀರು ನೋಡಿದೆ, ಬಟನ್ ಒತ್ತಿದೆ. ಅರ್ಧ ಸುತ್ತು ತಿರುಗಿ ಢಬ್ ಅಂತ ನಿಂತಿತು. ಬ್ಯಾಟರಿ ವೀಕ್ ಇರಬೇಕು ಅಂದುಕೊಂಡು ಇನ್ನೊಂದ್ಸಲ ಒತ್ತಿದೆ ನೋಡಿ, ಅಲ್ಲೇ ಕೆಲಸ ಕೆಟ್ಟಿತು. ನಾಲ್ಕನೇ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬಾಗಿತ್ತು. ಹೆಡ್ ಎತ್ತಿದರೆ ಪಿಸ್ಟನ್ ಮೇಲೆ ಮಸಿ ಕಲಸಿದ ನೀರು.

ಬೋರ್ (ಸಿಲಿಂಡರಿನ ಅಗಲ) 9 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಹತ್ತೂವರೆ, ಅಂದರೆ ಸಿಲಿಂಡರಿಗೆ ಸುಮಾರು 11 ಲೀಟರ್. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಒಂದು ಲೀಟರಿನಷ್ಟೂ ಇಲ್ಲ. ಗಾಳಿಯ ಹಾಗೆ ನೀರು ಒತ್ತಿದರೆ ಕುಗ್ಗುವುದಿಲ್ಲ, ಹಾಗಾಗಿ ರಾಡ್ ಬಾಗಲು ಒಂದು ಬಾಟಲಿ ನೀರು ಸಾಕು. ಇದರಲ್ಲಿ ಲಾರಿಯ ಹಾಗೆ ಪುಟ್ಟ ಸ್ಟಾರ್ಟರ್ ಬೇರೆ ಇಲ್ಲವಲ್ಲ, ಮೈನ್ ಜನರೇಟರೇ ಮೋಟರ್ ಆಗಿ ತಿರುಗಿಸುತ್ತದೆ. ಅದರ ಬಲಕ್ಕೆ ರಾಡ್ ಎಲ್ಲಿ ತಡೆಯುತ್ತದೆ?

ಆರೂ ಸಿಲಿಂಡರಿನ ಡಿಕಂಪ್ರೆಷನ್ ಪ್ಲಗ್ (ಒಳಗಿನ ಒತ್ತಡ ಹೊರಬಿಡುವ ಬಿರಡೆ) ಬಿಚ್ಚಿ. ಬಾರ್ (ಕಬ್ಬಿಣದ ಸಲಾಕೆ) ಹಾಕಿ ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ. ಒಂದು ಸುತ್ತು ಸಾಲದು, ಫೋರ್ ಸ್ಟ್ರೋಕ್ ಇದು, ಪೂರ್ತಿ ಎರಡು ಸುತ್ತು. ಬಾರ್ ಹಾಕುವಾಗ ಬ್ಯಾಟರಿ ಸಂಪರ್ಕ ತಪ್ಪಿಸುವ ನೈಫ್ ಸ್ವಿಚ್ ತೆಗೆದಿರಲಿ, ಕೈ ನಿಮ್ಮದು. ಪ್ಲಗ್‌ನಿಂದ ನೀರು ಚಿಮ್ಮಿದರೆ ಒರೆಸಿ ಮುಂದೆ ಹೋಗಬೇಡಿ, ಎಲ್ಲಿಂದ ಬಂತು ಅಂತ ಹುಡುಕಿ. ಮಳೆ ನೀರಾದರೆ ಬಚಾವ್. ಆಫ್ಟರ್‌ಕೂಲರ್ (ಒಳಬರುವ ಗಾಳಿಯನ್ನು ನೀರಿನಿಂದ ತಣಿಸುವ ಭಾಗ) ಸೋರಿಕೆಯೋ ಹೆಡ್ ಬಿರುಕೋ ಆದರೆ ಖರ್ಚಿದೆ. ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ಡ್ರೈನನ್ನೂ ಸ್ವಲ್ಪ ಸಡಿಲಿಸಿ, ನೀರಿದ್ದರೆ ಮೊದಲು ಅದೇ ಬರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ ಅಂತ, ಅಲ್ಲಿಗೇ ನಿಲ್ಲಿಸಿ. ಜನರೇಟರಿಗೆ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕದೆ ಕರೆಂಟ್ ಕೊಡಬೇಡಿ, ತೇವ ಹಿಡಿದಿರುತ್ತದೆ.

ಕೆಳಗೆ ಕಾಮೆಂಟಿನಲ್ಲಿ ಯಾರೋ ಲಾರಿ ಆಯಿಲ್ ಹಾಕಿ, ಏನೂ ಆಗಲ್ಲ ಅಂದಿದ್ದಾರೆ. ಅವರ ಲೋಕೋಗೆ ಹಾಕಿಕೊಳ್ಳಲಿ. ನಾನು ರೈಲು ಇಂಜಿನ್ನಿಗೇ ಮಾಡಿದ ಸರ್ವೋದ ಆರ್‌ಆರ್ ಸರಣಿ ಬಿಟ್ಟು ಬೇರೆ ಹಾಕಿಲ್ಲ. ಡಬ್ಲ್ಯೂಡಿ-40 ಕೂಡ ಅಷ್ಟೇ, ಜಾಮ್ ಆದ ಬೋಲ್ಟಿಗೆ ಸರಿ, ವರ್ಷಗಟ್ಟಲೆ ತುಕ್ಕು ತಡೆಯಲು ಗ್ರೀಸೇ ಬೇಕು. ಬಿಡಿಭಾಗ ಸಿಗಲ್ಲ ಅಂತ ಅಳುವವರಿಗೆ ಒಂದು ಮಾತು: ದೊಡ್ಡ ಲೋಕೋ ಡಬ್ಲ್ಯೂಡಿಎಂ-2ರ ಇಂಜಿನ್ನಿನದೂ ಇದೇ ಅಮೆರಿಕದ ಆಲ್ಕೊ ಕಂಪನಿಯ 251 ಕುಟುಂಬ, ಇದೇ ಬೋರು. ಗುಜರಿಯಲ್ಲಿ ಕಣ್ಣಿಟ್ಟಿರಿ.

ಟಾರ್ಪಾಲಿನ್ ಬಿಗಿಯಾಗಿ ಕಟ್ಟಿದ್ದೀರಲ್ಲ, ಅದೂ ತಪ್ಪು. ಒಳಗೆ ಬೆವರುತ್ತದೆ. ಚಿಮಣಿಗೆ ಮಾತ್ರ ತಗಡಿನ ಟೋಪಿ, ಉಳಿದ ಕಡೆ ಗಾಳಿ ಆಡಲಿ. ಆದರೆ ಕಣ್ಣಿಗೆ ಬೀಳುವಂತೆ ಟೋಪಿಗೆ ಕೆಂಪು ಬಟ್ಟೆ ಕಟ್ಟಿರಿ. ಸ್ಟಾರ್ಟ್ ಮಾಡುವಾಗ ಟೋಪಿ ತೆಗೆಯಲು ಮರೆತವರನ್ನೂ ನೋಡಿದ್ದೇನೆ.

ಡಬ್ಲ್ಯೂಡಿಎಸ್-4 ಇಟ್ಟುಕೊಂಡವರೇ, ಅದು ಜನರೇಟರಿನಲ್ಲಲ್ಲ, ಹೈಡ್ರಾಲಿಕ್ ಗೇರಿನಲ್ಲಿ ಓಡುವ ಶಂಟಿಂಗ್ ಇಂಜಿನ್ನು. ಎಳೆಸುವ ಮೊದಲು ಗೇರ್ ನ್ಯೂಟ್ರಲ್‌ನಲ್ಲಿದೆಯಾ ಅಂತ ಕೆಳಗೆ ಬಗ್ಗಿ ಕಣ್ಣಾರೆ ನೋಡಿ. ಕ್ಯಾಬ್‌ನ ಹ್ಯಾಂಡಲ್ ನಂಬಬೇಡಿ.

ಸರ್, ಶನಿವಾರವೇ ಪ್ಲಗ್ ಬಿಚ್ಚಿ, ಡಿಪ್‌ಸ್ಟಿಕ್ ಫೋಟೋ ಇಲ್ಲೇ ಹಾಕಿ.