ಪಕ್ಕದವರ ದನಿ ಮೀರಿಸಲು ಹೋಗಬೇಡಿ

ಚರ್ಚಿನ ಕ್ವಾಯರ್‌ನಲ್ಲಿ ಆಲ್ಟೊ (ಹೆಂಗಸರ ಕೆಳಗಿನ ಸ್ವರದ) ಸಾಲಿನಲ್ಲಿ ನಿಂತಾಗ ನಿಮ್ಮ ದನಿ ನಿಮಗೇ ಕೇಳುವುದಿಲ್ಲ, ಅದಕ್ಕೆ ಜೋರಾಗಿ ಹಾಡುತ್ತೀರಿ, ಎರಡನೇ ಆರಾಧನೆ ಹೊತ್ತಿಗೆ ಗಂಟಲು ಕಟ್ಟುತ್ತದೆ ಎಂದು ಬರೆದಿದ್ದೀರಿ. ದಯವಿಟ್ಟು ಆ ಜೋರು ಇವತ್ತೇ ನಿಲ್ಲಿಸಿ. ನಾನೂ ಹೀಗೇ ಹಾಡಿ ಒಂದು ಕ್ರಿಸ್‌ಮಸ್ ಪೂರ್ತಿ ಬಾಯಿ ಮುಚ್ಚಿ ನಿಲ್ಲಬೇಕಾಯಿತು. ಸುತ್ತ ಸದ್ದು ಜಾಸ್ತಿಯಾದರೆ ನಮಗೆ ಗೊತ್ತಿಲ್ಲದೇ ದನಿ ಏರುತ್ತದೆ. ಇದಕ್ಕೆ ಲೊಂಬಾರ್ಡ್ ಎಫೆಕ್ಟ್ ಅನ್ನುತ್ತಾರೆ. ನೀವು ಏರಿಸಿದರೆ ಪಕ್ಕದವರೂ ಏರಿಸುತ್ತಾರೆ, ಕೊನೆಗೆ ಇಡೀ ಸಾಲು ಕೂಗುತ್ತದೆ.

ನಿಮ್ಮ ದನಿ ಕೇಳಬೇಕಾದರೆ ಪಕ್ಕದವರಿಂದ ಒಂದೆರಡು ಅಡಿ ಸರಿದು ನಿಲ್ಲಿ. ಭುಜಕ್ಕೆ ಭುಜ ತಾಗಿಸಿ ನಿಲ್ಲಿಸುವ ಲೀಡರ್‌ಗಳಿಗೆ ಇದನ್ನು ನೇರವಾಗಿ ಹೇಳಿ. ಹಾಡಿನ ಫೈಲ್ ಎದೆಯ ಮಟ್ಟದಲ್ಲಿ ಹಿಡಿದರೆ ದನಿ ಸ್ವಲ್ಪ ವಾಪಸ್ ಬರುತ್ತದೆ. ಪ್ರಾಕ್ಟೀಸಿನಲ್ಲಿ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ ನೋಡಿ.

ಗಂಟಲಿಗೆ ನನಗೆ ನಿಜವಾಗಿ ಕೆಲಸ ಮಾಡಿದ್ದು ಸ್ಟ್ರಾ. ದನಿಯ ವಿಜ್ಞಾನಿ ಇಂಗೊ ಟಿಟ್ಜೆ ಇದನ್ನು ತುಂಬಾ ಜನರಿಗೆ ಪರಿಚಯಿಸಿದರು. ಸ್ಟ್ರಾವನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು, ಅದರ ಮೂಲಕ 'ಊ' ಎಂದು ಕೆಳಗಿನ ಸ್ವರದಿಂದ ಮೇಲಕ್ಕೆ, ಮತ್ತೆ ಕೆಳಕ್ಕೆ ನಿಧಾನವಾಗಿ ಜಾರಿ. ಆಮೇಲೆ ನಿಮ್ಮ ಆಲ್ಟೊ ಲೈನನ್ನೇ ಸ್ಟ್ರಾದಲ್ಲಿ ಹಾಡಿ. ಬಾಯಿಯ ಮುಂದೆ ದಾರಿ ಕಿರಿದಾದಾಗ ಒಳಗೆ ಒತ್ತಡ ಹಿಂದಕ್ಕೆ ಬರುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಜೋರಾಗಿ ಬಡಿಯದೇ ಕಂಪಿಸುತ್ತವೆ. ಗಾಳಿ ಮೂಗಿನಿಂದ ಸೋರಬಾರದು. ಮೂಗು ಹಿಡಿದಾಗ ಸದ್ದು ಬದಲಾದರೆ ಸೋರುತ್ತಿದೆ ಎಂದೇ ಅರ್ಥ. ತೀರಾ ಸಣ್ಣ ಸ್ಟ್ರಾದಿಂದ ಶುರು ಮಾಡಬೇಡಿ, ಉಸಿರು ಕಟ್ಟುತ್ತದೆ. ಗ್ಲಾಸ್ ನೀರಿನಲ್ಲಿ ಎರಡು ಸೆಂಟಿಮೀಟರ್ ಮುಳುಗಿಸಿಯೂ ಮಾಡಬಹುದು, ಗುಳ್ಳೆ ಒಂದೇ ಸಮ ಬರಬೇಕು. ಆರಾಧನೆಗೆ ಮುಂಚೆ ಐದು ನಿಮಿಷ, ಮುಗಿದ ಮೇಲೂ ಎರಡು ನಿಮಿಷ. ನೋವಾದರೆ ತಕ್ಷಣ ನಿಲ್ಲಿಸಿ. ದನಿ ಒಡಕು ಮೂರು ವಾರ ದಾಟಿದರೆ ಸ್ಟ್ರಾ ಬಿಟ್ಟು ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ.

ವಿಕ್ಸ್ ಗುಳಿಗೆ ಚೀಪಿಕೊಂಡು ಹಾಡುವುದು ನನಗೆ ಸರಿ ಕಾಣುವುದಿಲ್ಲ. ಮೆಂಥಾಲ್ ತಂಪೆನಿಸುತ್ತದೆ, ಗಂಟಲಿನ ಎಚ್ಚರಿಕೆ ಮಾತ್ರ ಕೇಳದ ಹಾಗಾಗುತ್ತದೆ. ಗಂಟಲು ಕೆಟ್ಟಾಗ ಪಿಸುಗುಟ್ಟಬೇಡಿ, ಪದೇ ಪದೇ ಕ್ಯಾಕರಿಸಬೇಡಿ. ನೀರು ಹಿಂದಿನ ದಿನದಿಂದಲೇ ಕುಡಿಯಿರಿ. ಹಾಡುವ ಮುಂಚೆ ಗಟಗಟ ಕುಡಿದ ನೀರು ಆ ಹೊತ್ತಿಗೆ ತಂತುಗಳಿಗೆ ತಲುಪುವುದಿಲ್ಲ, ಅದು ಹೊಟ್ಟೆಗೆ ಹೋಗುತ್ತದೆ ಅಲ್ವಾ?

ಇನ್ನೊಂದು ಮಾತು. ನಿಮ್ಮ ಲೈನ್ ಬಾಯಿಪಾಠ ಇಲ್ಲದಿದ್ದರೂ ಜೋರು ಬರುತ್ತದೆ, ಮೇಲಿನ ಸ್ವರದ ಸೊಪ್ರಾನೊ ತನ್ನ ಕಡೆಗೆ ಎಳೆಯುತ್ತದೆ ಎಂಬ ಭಯಕ್ಕೆ. ನೋಟ್ಸ್ ಬರೆದು ಕೇಳುವ ಮ್ಯೂಸ್‌ಸ್ಕೋರ್ ಸಾಫ್ಟ್‌ವೇರ್ ಉಚಿತ. ಅದರಲ್ಲಿ ನೋಟ್ಸ್ ಹಾಕಿ, ಆಲ್ಟೊ ಮಾತ್ರ ಜೋರು ಮಾಡಿ, ವೇಗ ತಗ್ಗಿಸಿ ಕೇಳಿ. ಆಮೇಲೆ ಆಲ್ಟೊ ಮ್ಯೂಟ್ ಮಾಡಿ, ಬೇರೆ ಮೂರು ದನಿಗಳ (ಸೊಪ್ರಾನೊ, ಟೆನರ್, ಬಾಸ್) ಜೊತೆ ನೀವು ಹಾಡಿ. ಉದ್ದ ಸ್ವರ ಬಂದಲ್ಲಿ ಪಕ್ಕದವರು ಉಸಿರು ತೆಗೆದುಕೊಳ್ಳುವಾಗ ನೀವು ತೆಗೆದುಕೊಳ್ಳಬೇಡಿ. ಯಾರು ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಪ್ರಾಕ್ಟೀಸಿನಲ್ಲೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ, ಪೆನ್ನಿನಲ್ಲಿ ಬೇಡ, ಲೀಡರ್ ಬದಲಿಸುತ್ತಾರೆ.